ಸಾಹೇಬರು ಕೂತರು

ನಮ್ಮ ಮನೆಯಲ್ಲಿ ಅಪ್ಪನಿಗೆ ಏಕವಚನ, ನಾಯಿಗೆ ಬಹುವಚನ. ಇದರಲ್ಲಿ ತಪ್ಪೇನೂ ಇಲ್ಲ. ಅಪ್ಪ ಮನೆಯವನು. ಊರವರು ಬಚ್ಚಿಟ್ಟಿದ್ದನ್ನೆಲ್ಲ ಹುಡುಕಿ ತೆಗೆದವನು, ತಾನೇ ಇಟ್ಟ ಕನ್ನಡಕ ಕಾಣದೆ ಮನೆಮಂದಿಯನ್ನೆಲ್ಲ ಬೈಯುವವನು. ನಾಯಿ ಹಾಗಲ್ಲ. ಅವರು ಸುಂಕದ ಇಲಾಖೆಯಿಂದ ನಿವೃತ್ತರಾದವರು. ಬಂದರಿನಲ್ಲಿ, ರೈಲು ನಿಲ್ದಾಣದಲ್ಲಿ, ಸರಕಿನ ಗೋದಾಮುಗಳಲ್ಲಿ ಗಾಂಜಾ ಮೂಸಿ ಹಿಡಿಯುವುದು ಅವರ ಉದ್ಯೋಗವಾಗಿತ್ತು. ಅವರ ಹಗ್ಗ ಹಿಡಿದುಕೊಂಡು ಓಡಾಡುವುದು ಅಪ್ಪನ ಉದ್ಯೋಗ. ಇಬ್ಬರೂ ಒಂದೇ ದಿನ ನಿವೃತ್ತರಾದರು, ಪದಕ ಸಿಕ್ಕಿದ್ದು ಮಾತ್ರ ನಾಯಿಗೆ. ಅಂದಿನಿಂದ ಅವರು ನಮ್ಮೆಲ್ಲರಿಗೂ ಸಾಹೇಬರು.

ಸಾಹೇಬರು ಬೊಗಳುವುದಿಲ್ಲ, ಕಚ್ಚುವುದಿಲ್ಲ, ಪರಚುವುದಿಲ್ಲ. ವಾಸನೆ ಸಿಕ್ಕಿದರೆ ಸುಮ್ಮನೆ ಎದುರಿಗೆ ಕೂರುತ್ತಾರೆ, ಅಷ್ಟೇ. ಕೂತು ಕಣ್ಣು ಮಿಟುಕಿಸದೆ ನೋಡುತ್ತಾರೆ. ಆ ನೋಟಕ್ಕೆ ದೊಡ್ಡ ದೊಡ್ಡವರ ಬೆವರಿಳಿದಿದೆಯಂತೆ. ಒಬ್ಬ ಮಹಾರಾಯ ಪೆಟ್ಟಿಗೆಯಲ್ಲಿದ್ದ ಗಾಂಜಾದ ಜೊತೆಗೆ ಭಾವಮೈದುನನಿಗೆ ಮಾಡಿದ ಮೋಸವನ್ನೂ ಯಾರೂ ಕೇಳದೆಯೇ ಒಪ್ಪಿಕೊಂಡಿದ್ದನಂತೆ. ಅಪ್ಪ ಇದನ್ನೆಲ್ಲ ಹೇಳುವಾಗ ದನಿ ತಗ್ಗಿಸುತ್ತಿದ್ದ. ಅದು ಧರ್ಮದ ಕಣ್ಣು, ನ್ಯಾಯಾಧೀಶರನ್ನಾದರೂ ಏಮಾರಿಸಬಹುದು, ಸಾಹೇಬರನ್ನಲ್ಲ ಎನ್ನುವುದು ಅವನ ಮಾತು.

ಸಾಹೇಬರು ಕೂತ ಮೇಲೆ ಅವರಿಗೆ ಕೂಲಿ ಕೊಡಬೇಕು. ಕೂಲಿಯೆಂದರೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ ಒಂದು ಹಳೆಯ ಟವಲ್. ಅದನ್ನು ಎಸೆಯಬೇಕು, ಅವರು ಕಚ್ಚಿ ತರಬೇಕು, ಆಮೇಲೆ ಇಬ್ಬರೂ ಜಗ್ಗಾಡಬೇಕು. ಕೂತದ್ದಕ್ಕೆ ಕೂಲಿ ತಪ್ಪಿಸಿದರೆ ನಾಯಿಗೆ ಮಾಡಿದ ದ್ರೋಹ ಎಂದು ಅಪ್ಪ ತನ್ನ ಕೈಕೆಳಗೆ ಕಲಿತವರಿಗೆಲ್ಲ ಪಾಠ ಹೇಳುತ್ತಿದ್ದ. ಅವನು ಬದುಕಿನಲ್ಲಿ ತಪ್ಪದೆ ಪಾಲಿಸಿದ ನಿಯಮ ಬಹುಶಃ ಇದೊಂದೇ.

ನಿವೃತ್ತಿಯಾದ ಮೇಲೆ ಅಪ್ಪನಿಗೆ ಸರ್ಪಸುತ್ತು ಬಂತು. ಎಡಗಡೆಯ ಪಕ್ಕೆಲುಬಿನ ಸುತ್ತ ಬೆಲ್ಟು ಕಟ್ಟಿದ ಹಾಗೆ ಗುಳ್ಳೆಗಳು. ಗುಳ್ಳೆಗಳೇನೋ ಒಣಗಿ ಹೋದವು, ನೋವು ಮಾತ್ರ ಹೋಗುವ ಮಾತೇ ಎತ್ತಲಿಲ್ಲ. ಹುಣ್ಣು ಮಾಯ್ದರೂ ಒಳಗಿನ ನರ ಕೆಟ್ಟಿದೆ, ಅದು ಸುಮ್ಮಸುಮ್ಮನೆ ಬೊಬ್ಬೆ ಹೊಡೆಯುತ್ತಿದೆ ಎಂದರು ಡಾಕ್ಟರಮ್ಮ. ಒತ್ತಿ ಹಿಡಿದರೆ ಅಪ್ಪ ಸಹಿಸಿಕೊಳ್ಳುತ್ತಿದ್ದ. ಬಟ್ಟೆ ಸವರಿದರೆ, ಫ್ಯಾನಿನ ಗಾಳಿ ತಾಗಿದರೆ ಖಾರದ ಪುಡಿ ತಿಕ್ಕಿದಂತೆ ಆಗುತ್ತಿತ್ತು.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಊರಿನವರ ಕೋಟುಗಳನ್ನೆಲ್ಲ ಬದಿಗಿಟ್ಟು ಅಪ್ಪನ ಅಂಗಿಗಳನ್ನು ಮೊದಲು ಹೊಲಿದೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಬಟ್ಟೆ ತೆಗೆದುಕೊಂಡು, ಎಡಮಗ್ಗುಲಿಗೆ ಹೊಲಿಗೆಯೇ ಬರದ ಹಾಗೆ ಅಗಲವಾಗಿ ಕತ್ತರಿಸಿ, ಉಳಿದ ಹೊಲಿಗೆಗಳನ್ನೆಲ್ಲ ಹೊರಗಡೆಗೆ ತಿರುಗಿಸಿದೆ. ಅಂಗಿ ತಿರುವುಮುರುವು ಹಾಕಿಕೊಂಡಂತೆ ಕಾಣುತ್ತಿತ್ತು. ಬೀದಿಯಲ್ಲಿ ಇಬ್ಬರು ಅಪ್ಪನನ್ನು ನಿಲ್ಲಿಸಿ ಅದನ್ನೇ ಹೇಳಿದರು, ಮೂರನೆಯವನು ಇದು ಹೊಸ ಫ್ಯಾಷನ್ನೇ ಎಂದು ವಿಚಾರಿಸಿ ನನ್ನ ಹತ್ತಿರ ಒಂದು ಹೊಲಿಸಿಕೊಂಡು ಹೋದ.

ಅಂಗಿಯ ಕಥೆ ಹೀಗೆ ಮುಗಿಯಿತು. ಸಾಹೇಬರ ಕಥೆ ಮುಗಿಯಲಿಲ್ಲ. ಕೆಲಸದ ನಾಯಿ ಯಾವಾಗಲೂ ಮನುಷ್ಯನ ಎಡಗಡೆಗೇ ನಿಲ್ಲುತ್ತದೆ. ಮರಿಯಾಗಿದ್ದಾಗಿನಿಂದ ಅದೇ ಅಭ್ಯಾಸ. ನಿಲ್ಲುವುದಷ್ಟೇ ಅಲ್ಲ, ಕೆಲಸ ಇಲ್ಲದಾಗ ಸಾಹೇಬರು ತಮ್ಮ ಇಡೀ ಮೈಭಾರ ಅಪ್ಪನ ಮೇಲೆ ಹಾಕಿ ಒರಗುತ್ತಿದ್ದರು. ಅಪ್ಪ ಕುರ್ಚಿಯಲ್ಲಿದ್ದರೆ ಅವರ ತಲೆ ಸರಿಯಾಗಿ ಅವನ ಎಡಪಕ್ಕೆಗೆ ಬರುತ್ತಿತ್ತು. ಈಗ ಅದೇ ಪಕ್ಕೆ ಉರಿಯುವ ಒಲೆ. ಬಲಗಡೆಗೆ ಬರಲು ಕಲಿಸೋಣವೆಂದು ಅಪ್ಪ ಎಷ್ಟು ಪಾಡು ಪಟ್ಟ. ಸಾಹೇಬರು ಮರ್ಯಾದೆಯಿಂದ ಬಲಗಡೆಗೆ ಹೋಗುತ್ತಿದ್ದರು, ಹಿಂದಿನಿಂದ ಒಂದು ಸುತ್ತು ಹಾಕಿ ಮತ್ತೆ ಎಡಗಡೆಗೆ ಬಂದು ನಿಲ್ಲುತ್ತಿದ್ದರು. ಪಾಪ ಮುದುಕನಿಗೆ ದಿಕ್ಕು ತಪ್ಪಿದೆ, ನಾವೇ ಸರಿಮಾಡಿಕೊಂಡು ಹೋಗೋಣ ಎನ್ನುವ ಹಾಗೆ.

ಒಂದು ದಿನ ಅಪ್ಪ ತಳ್ಳಿಬಿಟ್ಟ. ಟೀ ಕುಡಿಯುತ್ತಿದ್ದ, ಸಾಹೇಬರು ಬಂದು ಒರಗಿದರು, ಅಪ್ಪ ಕಿರುಚಿ ಮೊಣಕೈಯಲ್ಲಿ ನೂಕಿದ. ಸಾಹೇಬರು ನೆಲದ ಮೇಲೆ ಜಾರಿ ಬಂದು ನನ್ನ ಹೊಲಿಗೆ ಮೆಷಿನ್ನಿನ ಕಾಲಿಗೆ ಬಡಿದರು. ಎದ್ದು ಮೈ ಕೊಡವಿಕೊಂಡು ಮತ್ತೆ ಅಪ್ಪನ ಹತ್ತಿರವೇ ಹೋದರು. ಎಡಗಡೆಗೇ ಹೋದರು, ಆದರೆ ಒಂದು ಮೊಳ ದೂರ ನಿಂತರು. ಅವತ್ತಿನಿಂದ ಆ ಒಂದು ಮೊಳ ಯಾವತ್ತೂ ಕಡಿಮೆಯಾಗಲಿಲ್ಲ. ಅಪ್ಪ ನಡೆದರೆ ಒಂದು ಮೊಳ ದೂರದಲ್ಲಿ ನಡೆಯುತ್ತಿದ್ದರು, ಮಲಗಿದರೆ ಮಂಚದಿಂದ ಒಂದು ಮೊಳ ದೂರದಲ್ಲಿ ಮಲಗುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅಪ್ಪನಿಗೆ ಬರುತ್ತಿತ್ತೋ ಇಲ್ಲವೋ, ಅವನು ಪೇಪರಿನ ಹಿಂದೆ ಇರುತ್ತಿದ್ದ.

ಡಾಕ್ಟರಮ್ಮ ಅಷ್ಟರಲ್ಲಿ ನರದ ಮಾತ್ರೆಗಳು, ಮುಲಾಮು, ಪಟ್ಟಿ ಎಲ್ಲ ನೋಡಿಯಾಗಿತ್ತು. ಒಂದು ಮಾತ್ರೆಗೆ ಅಪ್ಪನ ಕಾಲು ಊದಿಕೊಂಡಿತು, ಇನ್ನೊಂದಕ್ಕೆ ತಟ್ಟೆಯ ಮುಂದೆಯೇ ತೂಕಡಿಸಿದ. ಕೊನೆಗೆ ಅವರು, ಇನ್ನೊಂದು ದಾರಿ ಇದೆ, ಗಾಂಜಾ ಗಿಡದಿಂದ ತೆಗೆದ ಎಣ್ಣೆ, ನಾಲಿಗೆಯ ಕೆಳಗೆ ಹನಿ ಹನಿ ಹಾಕಿಕೊಳ್ಳುವುದು, ಈಗ ಚೀಟಿ ಇದ್ದರೆ ಕಾನೂನಿನ ಅಡ್ಡಿಯೂ ಇಲ್ಲ ಎಂದರು. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡತೊಡಗಿದೆ, ಇಲ್ಲದಿದ್ದರೆ ನಕ್ಕುಬಿಡುತ್ತಿದ್ದೆ.

ಡಾಕ್ಟರಮ್ಮ ಸುಳ್ಳು ಭರವಸೆ ಕೊಡಲಿಲ್ಲ. "ನೋಡಿ, ಇದು ಮಂತ್ರ ಅಲ್ಲ. ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಏನೂ ಆಗಲ್ಲ. ಬಾಯಿ ಒಣಗುತ್ತೆ, ತಲೆ ತಿರುಗಬಹುದು, ಸ್ಕೂಟರ್ ಓಡಿಸೋ ಹಾಗಿಲ್ಲ. ಸ್ವಲ್ಪದಿಂದ ಶುರು ಮಾಡಿ ನಿಧಾನಕ್ಕೆ ನೋಡೋಣ. ಉಪಯೋಗ ಆಗ್ಲಿಲ್ಲ ಅಂದ್ರೆ ನಿಲ್ಲಿಸೋಣ," ಎಂದರು. ಬಾಟಲಿಗೆ ನಾಯಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ, ಅವಕ್ಕೆ ಅದು ವಿಷ ಎಂದೂ ಎಚ್ಚರಿಸಿದರು. ನಮ್ಮ ಮನೆಯ ನಾಯಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಅಪ್ಪ ನನಗಿಂತ ಮುಂದೆ ಮುಂದೆ ನಡೆದ. ನಮ್ಮ ಬೀದಿಯ ತಿರುವಿನಲ್ಲಿ ನಿಂತುಕೊಂಡ. ನಾನು ಅವನನ್ನು ಒಪ್ಪಿಸಲು ಕಾನೂನು, ಚೀಟಿ, ಡಾಕ್ಟರು ಎಂದು ಏನೇನೋ ಹೇಳುತ್ತಿದ್ದೆ. ಅವನಿಗೆ ಅದ್ಯಾವುದೂ ಬೇಕಿರಲಿಲ್ಲ.

"ಕಾನೂನು ಬಿಡು ಪುಟ್ಟಿ," ಎಂದ. "ನಾನು ಅದನ್ನ ಬಾಯಿಗೆ ಹಾಕ್ಕೊಂಡ ದಿನ ಸಾಹೇಬ್ರು ಬಂದು ನನ್ನ ಮುಂದೆ ಕೂತ್ಕೋತಾರೆ. ಎಷ್ಟು ಜನರ ಮುಂದೆ ಕೂರಿಸಿದೀನಿ ನಾನು ಅವರನ್ನ. ಈಗ ನನ್ನ ಮುಂದೆ ಕೂತ್ರೆ ಯಾವ ಮುಖ ತೋರಿಸ್ಲಿ?"

ನಾನು ನಗಬೇಕೆಂದು ಬಾಯಿ ತೆರೆದೆ, ಅವನ ಮುಖ ನೋಡಿ ಮುಚ್ಚಿದೆ. ಅವನು ನಿಜಕ್ಕೂ ಹೆದರಿದ್ದ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಇದ್ದಳು. ಅತ್ತೆಯೆಂದರೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನಮ್ಮನ್ನು ನೋಡಿಕೊಳ್ಳಲು ನಾಲ್ಕು ದಿನಕ್ಕೆಂದು ಬಂದವಳು ಇನ್ನೂ ಹೋಗಿಲ್ಲ. ವಿಷಯ ಕೇಳಿ ಅವಳು ಕುಣಿದಾಡಿದಳು. ಮಾನವಂತರ ಮನೆಗೆ ಗಾಂಜಾ ಬರುವುದೇ, ನಾಳೆ ಬೀದಿಯವರು ಏನೆಂದಾರು, ಇವಳ ತಲೆ ಕೆಟ್ಟಿದೆಯೆಂದರೆ ಡಾಕ್ಟರಿನದೂ ಕೆಟ್ಟಿದೆಯೇ ಎಂದೆಲ್ಲ ಕೇಳಿದಳು. ಆ ಬಾಟಲಿ ಮನೆಯಲ್ಲಿರುವಷ್ಟು ದಿನ ತಾನು ತನ್ನ ಕೋಣೆಯಲ್ಲೇ ಊಟ ಮಾಡುವುದಾಗಿ ಘೋಷಿಸಿದಳು. ಕುಣಿದಾಡಿದಳು ಎಂದೆನಲ್ಲ, ಅದು ಬಾಯಲ್ಲಿ ಮಾತ್ರ. ಅವಳ ಮಂಡಿಗಳು ಕೆಟ್ಟು ಕಾಲವಾಗಿತ್ತು, ಮಹಡಿಯ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು.

ಅಂದು ಸಂಜೆಯೇ ಅಪ್ಪ ತನ್ನ ಶಿಷ್ಯನಿಗೆ ಫೋನು ಮಾಡಿದ. ಶಿಷ್ಯನೆಂದರೆ ಅಪ್ಪನ ಕೈಕೆಳಗೆ ಕಲಿತು ಈಗ ಅದೇ ಇಲಾಖೆಯಲ್ಲಿ ನಾಯಿ ನೋಡಿಕೊಳ್ಳುವವನು. ಅವನ ಮನೆಗೆ ದೊಡ್ಡ ಅಂಗಳವಿದೆ, ಓಡಾಡಲು ಬೇರೆ ನಾಯಿಗಳಿವೆ, ಜಗ್ಗಾಡಲು ಗಟ್ಟಿ ಕೈಗಳಿವೆ. ಮುಂದಿನ ಭಾನುವಾರ ಬಂದು ಸಾಹೇಬರನ್ನು ಕರೆದುಕೊಂಡು ಹೋಗು ಎಂದ ಅಪ್ಪ. "ನನ್ನ ಕೈಲಿ ಅವರಿಗೆ ನ್ಯಾಯ ಆಗ್ತಿಲ್ಲ ಕಣೋ," ಎಂದು ಹೇಳಿ ಫೋನು ಇಟ್ಟವನು ಬಹಳ ಹೊತ್ತು ಅದರ ಮುಂದೆಯೇ ನಿಂತಿದ್ದ. ಒಂದು ಮೊಳ ದೂರದಲ್ಲಿ ಸಾಹೇಬರೂ ನಿಂತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಬೇಡವೆಂದರೆ ಬೇಡ, ಬಾಟಲಿ ಮನೆಯಲ್ಲಿರಲಿ, ನೋವು ತಾನಾಗಿಯೇ ಅವನ ಹತ್ತಿರ ನನ್ನ ಪರ ವಾದ ಮಾಡುತ್ತದೆ ಎಂದು ಲೆಕ್ಕ ಹಾಕಿದೆ. ಅಪ್ಪನಿಗೆ ಹೇಳಿಯೇ ಹೊರಟೆ. ತಂದರೆ ತಾ, ನಾನು ಮುಟ್ಟುವುದಿಲ್ಲ ಎಂದ.

ಔಷಧಿ ಅಂಗಡಿಗೆ ಸಾಹೇಬರನ್ನೂ ಕರೆದುಕೊಂಡು ಹೋದದ್ದು ನನ್ನ ಬುದ್ಧಿಗೇಡಿತನ. ವಾಕಿಂಗೂ ಆಯಿತು, ಕೆಲಸವೂ ಆಯಿತು ಎಂದುಕೊಂಡಿದ್ದೆ. ಅಂಗಡಿಯವರು ಮಹಾ ಗಂಭೀರ ಮನುಷ್ಯ, ಕೆಮ್ಮಿನ ಔಷಧಿಯನ್ನೂ ಮರಣದಂಡನೆಯ ಹಾಗೆ ಕೊಡುವವರು. ಚೀಟಿ ಎರಡು ಸಲ ಓದಿ, ಒಳಗಿನ ಬೀರುವಿನ ಬೀಗ ತೆಗೆದು, ಬಾಟಲಿ ಹಿಡಿದುಕೊಂಡು ಈಚೆ ಬಂದರು. ಸಾಹೇಬರ ಕಿವಿ ಎದ್ದವು. ಕೌಂಟರಿನ ಸಂದಿಯಿಂದ ಒಳಗೆ ನುಗ್ಗಿ, ನೇರ ಅವರ ಎದುರಿಗೆ ಹೋಗಿ ಕೂತರು. ಅಪ್ಪನ ಉದ್ಯೋಗ ಬಲ್ಲ ಆ ಮನುಷ್ಯ ಬಿಳಿಚಿಕೊಂಡರು. ಗೋಡೆಯ ಮೇಲಿದ್ದ ಲೈಸೆನ್ಸಿನ ಚೌಕಟ್ಟು ಇಳಿಸಿ ತಂದು ತೋರಿಸಿದರು. ನನಗಲ್ಲ, ಸಾಹೇಬರಿಗೆ. ಕೂಲಿ ಕೊಡದೆ ಸಾಹೇಬರು ಏಳುವವರಲ್ಲ, ಟವಲ್ ನನ್ನ ಹತ್ತಿರ ಇರಲಿಲ್ಲ. ಕತ್ತಿನಲ್ಲಿದ್ದ ಹೊಸ ಸ್ಕಾರ್ಫು ಬಿಚ್ಚಿ ಕೊಟ್ಟೆ, ಅದು ಅಲ್ಲಿಗೆ ಮುಗಿಯಿತು.

ಬಾಟಲಿಯನ್ನು ಗಟ್ಟಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು ಎತ್ತರದಲ್ಲಿ ಬಚ್ಚಿಡಲು ಹೊರಟೆ. ನನ್ನ ಅಡಗಿಸುವ ವಿದ್ಯೆ ಎಷ್ಟರದು, ಸಾಹೇಬರ ವಿದ್ಯೆ ಎಷ್ಟರದು. ಕಪಾಟಿನ ನೆತ್ತಿಯ ಮೇಲೆ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ, ಸಾಹೇಬರು ಕಪಾಟಿನ ಕೆಳಗೆ ಕೂತರು. ಗುಂಡಿಗಳ ಡ್ರಾಯರಿಗೆ ಹಾಕಿ ಬೀಗ ಹಾಕಿದೆ, ಡ್ರಾಯರಿನ ಮುಂದೆ ಕೂತರು. ಒಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಹ್ಯಾಂಗರಿನಲ್ಲಿ ತೂಗುತ್ತಿದ್ದ ಅರ್ಧ ಹೊಲಿದ ಕೋಟಿನ ಒಳಜೇಬಿಗೆ ಇಳಿಬಿಟ್ಟು ಮರೆತೆ. ಅದು ಶಾಲೆಯ ಹೆಡ್‌ಮಿಸ್ಸಿನ ಕೋಟು. ಅವರು ಅಳತೆ ನೋಡಲು ಬಂದು, ತೊಟ್ಟು, ಕನ್ನಡಿಯ ಮುಂದೆ ತಿರುಗುತ್ತಿದ್ದಾಗ ಸಾಹೇಬರು ಗಂಭೀರವಾಗಿ ನಡೆದು ಬಂದು ಅವರ ಎದುರಿಗೆ ಕೂತರು. ಎಷ್ಟು ಶಿಸ್ತಿನ ನಾಯಿ, ನಮ್ಮ ಮಕ್ಕಳು ಇದನ್ನು ನೋಡಿ ಕಲಿಯಬೇಕು ಎಂದರು ಹೆಡ್‌ಮಿಸ್. ಒಳಜೇಬು ಸ್ವಲ್ಪ ಉಬ್ಬಿದೆ, ಬಿಚ್ಚಿಕೊಡಿ, ಸರಿಮಾಡುತ್ತೇನೆ ಎಂದೆ ನಾನು.

ಇದರಲ್ಲಿ ಲಾಭವಾದದ್ದು ಸಾಹೇಬರಿಗೆ. ನಿವೃತ್ತಿಯಾದಾಗಿನಿಂದ ಮಂಕಾಗಿದ್ದವರು ಈಗ ಬೆಳಗಾದರೆ ಎದ್ದು ಮನೆಯನ್ನೆಲ್ಲ ತಪಾಸಣೆ ಮಾಡುತ್ತಿದ್ದರು. ಬಾಲ ಮೇಲೆ, ಕಿವಿ ಮೇಲೆ. ಮನೆ ಮತ್ತೆ ಬಂದರು ಆಗಿದೆ ಎಂಬ ಸಂಭ್ರಮ. ಅವರು ಕೂತಾಗಲೆಲ್ಲ ಅಪ್ಪ ಮುಖ ತಿರುಗಿಸಿ ಬೇರೆ ಕೋಣೆಗೆ ನಡೆಯುತ್ತಿದ್ದ. ಟವಲ್ ನೀನೇ ಕೊಡು ಎಂದು ಅಲ್ಲಿಂದಲೇ ಹೇಳುತ್ತಿದ್ದ. ಸಾಹೇಬರು ನನ್ನ ಕೈಯಿಂದ ಟವಲ್ ತೆಗೆದುಕೊಳ್ಳುತ್ತಿದ್ದರು, ಎರಡು ಸಲ ಜಗ್ಗುತ್ತಿದ್ದರು, ಆಮೇಲೆ ಅದನ್ನು ಒಯ್ದು ಅಪ್ಪನ ಕೋಣೆಯ ಹೊಸಿಲ ಮೇಲೆ ಇಟ್ಟು ಕಾಯುತ್ತಿದ್ದರು.

ಈ ನಡುವೆ ಬಾಟಲಿಯಲ್ಲಿ ಎಣ್ಣೆ ಇಳಿಯತೊಡಗಿತು. ಮೊದಲು ನನ್ನ ಭ್ರಮೆ ಎಂದುಕೊಂಡೆ. ಮಾರನೆಯ ದಿನ ಇನ್ನಷ್ಟು ಇಳಿದಿತ್ತು. ನನ್ನ ಸಂತೋಷಕ್ಕೆ ಪಾರವೇ ಇಲ್ಲ. ಅಪ್ಪ ಕದ್ದು ಮುಚ್ಚಿ ಹಾಕಿಕೊಳ್ಳುತ್ತಿದ್ದಾನೆ, ಮಾನ ಬಿಟ್ಟು ಒಪ್ಪಿಕೊಳ್ಳಲಾರ, ಪಾಪ, ನಾವೂ ನೋಡದ ಹಾಗಿರೋಣ ಎಂದು ಬಾಟಲಿಯನ್ನು ಅವನ ಕೈಗೆ ಸಿಗುವ ಹಾಗೆ ಇಡತೊಡಗಿದೆ. ಸುತ್ತಿ ಬಳಸಿ ನೋವು ಹೇಗಿದೆ ಎಂದು ಕೇಳಿದೆ. ಹಾಗೇ ಇದೆ ಎಂದ. ದಿನವೂ ಕೇಳಿದೆ, ದಿನವೂ ಹಾಗೇ ಇತ್ತು. ಅಂಗಿ ಹಾಕಿಕೊಳ್ಳುವಾಗ ಅವನು ಹಲ್ಲು ಕಚ್ಚುವುದು ಬಾಗಿಲ ಆಚೆಗೂ ತಿಳಿಯುತ್ತಿತ್ತು. ಅಂದರೆ ಡಾಕ್ಟರಮ್ಮ ಹೇಳಿದ ಎರಡನೆಯ ಗುಂಪಿಗೆ ಸೇರಿದವನು ನಮ್ಮಪ್ಪ, ಏನೂ ಆಗದವರ ಗುಂಪು. ಶನಿವಾರ ಸಾಹೇಬರ ತಟ್ಟೆ, ಹಾಸಿಗೆ, ಪದಕ, ಟವಲ್ ಎಲ್ಲ ಒಂದು ಚೀಲಕ್ಕೆ ತುಂಬಿದೆ.

ಅತ್ತೆ ಮಾತ್ರ ತನ್ನ ವ್ರತ ಬಿಟ್ಟಿರಲಿಲ್ಲ. ಊಟ ಕೋಣೆಯಲ್ಲೇ. ಸಾಹೇಬರ ಮೈ ನಾರುತ್ತದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಉಳಿದ ಹೊತ್ತೆಲ್ಲ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಕಳೆಯುತ್ತಿದ್ದಳು. ಸೊಂಟ ಹಿಡಿದಿದ್ದರಿಂದ ಸಾಹೇಬರು ಮೆಟ್ಟಿಲು ಹತ್ತುತ್ತಿರಲಿಲ್ಲ. ಅತ್ತೆ ಯಾರನ್ನೂ ಕೂಗದೆ ಬುಟ್ಟಿ ಹೊತ್ತುಕೊಂಡು ಹತ್ತಿ ಇಳಿಯುತ್ತಿದ್ದುದನ್ನು ನಾನು ನೋಡಿದ್ದೆ. ನೋಡಿ ಏನು ಪ್ರಯೋಜನ, ನಾನೇನು ಸಾಹೇಬರೇ?

ಭಾನುವಾರ ಶಿಷ್ಯ ಬಂದ. ಇಲಾಖೆಯ ಬೂಟುಗಳು, ಕೈಯಲ್ಲಿ ಹೊಸ ಹಗ್ಗ, ಮುಖದಲ್ಲಿ ಹೇಗೆ ನಿಲ್ಲಬೇಕೆಂದು ತಿಳಿಯದ ಸಂಕೋಚ. ಅತಿಥಿ ಬಂದಾಗ ಮನೆಯ ಹಿರಿಯಳು ಕೋಣೆಯಲ್ಲಿ ಕೂತರೆ ಹೇಗೆ ಎಂದು ಅತ್ತೆಯೂ ಈಚೆ ಬಂದು ನನ್ನ ಎತ್ತರದ ಸ್ಟೂಲಿನ ಮೇಲೆ ಕೂತಳು. ಮಂಡಿಯ ಮೇಲೆ ದಪ್ಪ ಶಾಲು ಹೊದ್ದಿದ್ದಳು. ಅಪ್ಪ ಚೀಲ ಎತ್ತಿ ಶಿಷ್ಯನ ಕೈಗೆ ಕೊಟ್ಟ. ತಿಂಡಿಯ ಹೊತ್ತು, ಸೊಂಟಕ್ಕೆ ಹಾಕುವ ಮಾತ್ರೆ, ಗುಡುಗಿಗೆ ಹೆದರುವುದು ಎಲ್ಲ ಒಂದೊಂದಾಗಿ ಹೇಳಿದ. ಎಡಗಡೆಗೆ ಒರಗುತ್ತಾರೆ ಎಂದು ಹೇಳಲು ಹೋಗಿ ನಿಲ್ಲಿಸಿದ. ಶಿಷ್ಯ ಹಗ್ಗ ಹಾಕಲು ಬಗ್ಗಿದ.

ಸಾಹೇಬರು ಅವನನ್ನು ದಾಟಿಕೊಂಡು ಹೋದರು. ಮೂಗು ನೆಲಕ್ಕೆ, ಆಮೇಲೆ ಗಾಳಿಗೆ. ಕೋಣೆಯನ್ನು ಅಡ್ಡಲಾಗಿ ಹಾಯ್ದು ಅತ್ತೆಯ ಸ್ಟೂಲಿನ ಹತ್ತಿರ ನಿಂತರು. ಶಾಲಿನ ತುದಿ ಮೂಸಿದರು. ಬಲ ಮಂಡಿ ಮೂಸಿದರು, ಎಡ ಮಂಡಿ ಮೂಸಿದರು. ನಿಧಾನವಾಗಿ, ಇಲಾಖೆಯ ಪೂರ್ತಿ ಘನತೆಯಿಂದ, ಅವಳ ಎದುರಿಗೆ ಕೂತರು.

ಕೋಣೆಯಲ್ಲಿ ಒಂದು ಸೂಜಿ ಬಿದ್ದಿದ್ದರೂ ನನಗೆ ಅದರ ನಂಬರು ತಿಳಿಯುತ್ತಿತ್ತು. ಶಿಷ್ಯ ಅಭ್ಯಾಸಬಲದಿಂದ ಬಾಗಿಲಿಗೆ ಅಡ್ಡ ನಿಂತ. ಅತ್ತೆ ಅವನ ಬೂಟು ನೋಡಿದಳು, ನನ್ನನ್ನು ನೋಡಿದಳು, ಸಾಹೇಬರ ಕಣ್ಣು ನೋಡಿದಳು. ಅಲ್ಲಿಗೆ ಅವಳ ಧೈರ್ಯ ಉಡುಗಿತು.

"ನುಂಗಿಲ್ಲಪ್ಪ ನಾನು," ಎಂದಳು. "ಆಣೆ ಮಾಡಿ ಹೇಳ್ತೀನಿ, ಒಂದು ಹನಿ ನುಂಗಿಲ್ಲ. ಮಂಡಿಗೆ ಹಚ್ಚಿದೆ ಅಷ್ಟೇ. ಎಣ್ಣೆ ಅಂದ್ರೆ ಹಚ್ಚೋಕಲ್ವಾ? ಇವಳು ತಂದಿಟ್ಟು ದಿನಾ ಜಾಗ ಬದಲಾಯಿಸ್ತಿದ್ಳು, ಯಾರೂ ಮುಟ್ತಾ ಇರ್ಲಿಲ್ಲ. ಸುಮ್ನೆ ಹಾಳಾಗುತ್ತಲ್ಲ ಅಂತ."

ಮೊದಲು ನಕ್ಕದ್ದು ಅಪ್ಪ. ಅವನು ನಕ್ಕು ಅದೆಷ್ಟು ಕಾಲವಾಗಿತ್ತೋ, ಮೊದಲು ಕೆಮ್ಮಿನ ಹಾಗೆ ಕೇಳಿಸಿತು. ನಗು ಪಕ್ಕೆಯನ್ನು ಅಲುಗಿಸಿತು, ಪಕ್ಕೆ ಉರಿಯಿತು, ಅಯ್ಯೋ ಎನ್ನುತ್ತಲೇ ನಕ್ಕ. ನಿಲ್ಲಲಾಗದೆ ಹೋಗಿ ಅತ್ತೆಯ ಬೆನ್ನ ಹಿಂದೆ ನನ್ನ ಕತ್ತರಿಸುವ ಮೇಜನ್ನು ಆಧರಿಸಿಕೊಂಡ. ಕಣ್ಣೊರೆಸಿಕೊಂಡು ತಲೆ ಎತ್ತಿದ. ಎದುರಿಗೆ ಸಾಹೇಬರು ಕೂತಿದ್ದರು. ಅಪ್ಪನ ನಗು ನಿಂತಿತು.

ಅವನು ಅಷ್ಟು ವರ್ಷವೂ ಹಗ್ಗದ ಈ ತುದಿಯಲ್ಲಿ ನಿಂತವನು. ಸಾಹೇಬರು ಕೂತಾಗ ಅವನಿಗೆ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಎದುರಿನವನ ಬೆವರಿದ ಮುಖ. ಆ ನೋಟ ಎದುರಿನಿಂದ ಹೇಗಿರುತ್ತದೆಂದು ಅವನು ಯಾವತ್ತೂ ನೋಡಿರಲಿಲ್ಲ, ಮನೆಯಲ್ಲಿ ನೋಡುವ ಅವಕಾಶ ಬಂದಾಗಲೆಲ್ಲ ಮುಖ ತಿರುಗಿಸಿ ಹೋಗಿದ್ದ. ಈಗ ನೋಡಿದ. ಸಾಹೇಬರ ನಾಲಿಗೆ ಒಂದು ಬದಿಗೆ ಜೋತಿತ್ತು. ಬಾಲ ನನ್ನ ನೆಲದ ಮೇಲಿನ ಬಟ್ಟೆ ಚೂರುಗಳನ್ನೆಲ್ಲ ಗುಡಿಸುತ್ತಿತ್ತು. ಕಣ್ಣುಗಳು ಆಸೆಯಿಂದ ಹೊಳೆಯುತ್ತಿದ್ದವು, ಆಟಕ್ಕೆ ಕರೆಯುವ ಮಗುವಿನ ಕಣ್ಣುಗಳು.

"ಟವಲ್," ಎಂದ ಅಪ್ಪ. ಆಮೇಲೆ ಶಿಷ್ಯನಿಗೋ ತನಗೋ ಹೇಳಿಕೊಂಡ. "ಇವರು ಟವಲ್ ಕಾಯ್ತಿದಾರೆ ಅಷ್ಟೇ ಕಣೋ. ಕಳ್ಳ ಯಾರು, ಸಾಚಾ ಯಾರು, ಇವರಿಗೆ ಗೊತ್ತೇ ಇಲ್ಲ. ಯಾವತ್ತೂ ಗೊತ್ತಿರ್ಲಿಲ್ಲ."

ಅಪ್ಪ ಮೇಜಿನ ಮೇಲಿಂದ ಕೈ ತೆಗೆದು ಅತ್ತೆಯ ಕಡೆಗೆ ಚಾಚಿದ.

"ಅಕ್ಕಾ, ಬಾಟಲಿ ಕೊಡು," ಎಂದ.

ಅತ್ತೆ ಶಾಲಿನ ಒಳಗಿಂದ ತೆಗೆದಳು. ಸ್ವಲ್ಪ ಉಳಿಸಿದ್ದೇನೆ ಎಂದು ಉಪಕಾರ ಮಾಡಿದವಳ ಹಾಗೆ ಹೇಳಿದಳು. ನಾನು ಚೀಟಿ ಓದಿ, ಡಾಕ್ಟರಮ್ಮ ಹೇಳಿದಷ್ಟೇ ಹನಿಗಳನ್ನು ಅಪ್ಪನ ನಾಲಿಗೆಯ ಕೆಳಗೆ ಬಿಟ್ಟೆ. ನಾವೆಲ್ಲ ಅವನ ಮುಖವನ್ನೇ ನೋಡುತ್ತ ನಿಂತೆವು. ಏನೂ ಆಗಲಿಲ್ಲ. ಕಹಿ ಎಂದ, ಅಷ್ಟೇ. ಆದದ್ದು ಬೇರೆ ಕಡೆ. ಸಾಹೇಬರು ಅತ್ತೆಯನ್ನು ಬಿಟ್ಟು ಎದ್ದರು, ಗಾಳಿ ಮೂಸುತ್ತ ಮೇಜನ್ನು ಬಳಸಿ ಬಂದರು, ಅಪ್ಪನ ಬಾಯಿಯ ಕಡೆಗೆ ಮೂಗೆತ್ತಿದರು, ಅವನ ಎದುರಿಗೆ ಕೂತರು.

ಅಪ್ಪ ತೀರ್ಪು ಕೇಳುವವನ ಹಾಗೆ ನೆಟ್ಟಗೆ ನಿಂತ. ಮುಖ ತಿರುಗಿಸಲಿಲ್ಲ. ಶಿಷ್ಯ ತಂದು ಹಿಡಿದ ಚೀಲಕ್ಕೆ ಕೈ ಹಾಕಿ ಟವಲ್ ಈಚೆ ತೆಗೆದು, ಬಲಗೈಯಲ್ಲಿ ಎಸೆದ. ಅದು ಹೋಗಿ ಕೋಟುಗಳ ನಡುವೆ ಬಿತ್ತು. ಸೊಂಟ ಹಿಡಿದ ಮುದಿ ನಾಯಿ ಅದರ ಹಿಂದೆ ಓಡಿದ ಓಟಕ್ಕೆ ಎರಡು ಹ್ಯಾಂಗರುಗಳು ಉರುಳಿದವು. ತಂದು ಅಪ್ಪನ ಕಾಲ ಬಳಿ ಹಾಕಿದರು. ಹಾಕಿ, ಎಡಗಡೆಗೆ, ಒಂದು ಮೊಳ ದೂರದಲ್ಲಿ ನಿಂತರು.

ಅಪ್ಪ ಆ ಒಂದು ಮೊಳವನ್ನು ನೋಡಿದ. ಒಂದು ತಿಂಗಳು ಬಿಟ್ಟು ಬಾ, ನನ್ನಿಂದ ಆಗದಿದ್ದರೆ ಕರೆದುಕೊಂಡು ಹೋಗುವೆಯಂತೆ ಎಂದು ಶಿಷ್ಯನಿಗೆ ಹೇಳಿದ. ಶಿಷ್ಯ ಚೀಲ ಅಲ್ಲೇ ಬಿಟ್ಟು ಹೋದ.

ಆ ತಿಂಗಳ ಕಥೆ ಅಂಥ ವಿಜಯಯಾತ್ರೆಯೇನಲ್ಲ. ಡಾಕ್ಟರಮ್ಮ ಅತ್ತೆಯನ್ನು ಕರೆಸಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಹಚ್ಚಿದ್ದರಿಂದ ಮಂಡಿಗೆ ಏನೂ ಆಗಿರುವುದಿಲ್ಲ, ತಿಕ್ಕಿದ್ದರಿಂದ ಏನಾದರೂ ಆಗಿದ್ದರೆ ಆಗಿರಬಹುದು ಎಂದು ವ್ಯಾಯಾಮ ಬರೆದುಕೊಟ್ಟರು. ಅಪ್ಪನಿಗೆ ಮೊದಲ ವಾರ ಬಾಯಿ ಒಣಗಿದ್ದೊಂದೇ ಫಲ. ಹನಿ ಹೆಚ್ಚಿಸಿದ ದಿನ ಗೋಡೆ ಗಡಿಯಾರವನ್ನು ಬಹಳ ಹೊತ್ತು ನೋಡಿ, ಒಳ್ಳೆಯ ಗಡಿಯಾರ ಕಣೇ ಎಂದು ಹೇಳಿ ನಿದ್ದೆಹೋದ. ಮತ್ತೆ ಒಂದು ಹನಿ ಇಳಿಸಿದೆವು. ಅವನು ಹನಿ ಹಾಕಿಕೊಂಡಾಗಲೆಲ್ಲ ಸಾಹೇಬರು ಬಂದು ಕೂರುತ್ತಿದ್ದರು, ಅಪ್ಪ ಟವಲ್ ಎಸೆಯುತ್ತಿದ್ದ. ಅವನು ಮರೆತರೂ ಔಷಧಿಯ ಹೊತ್ತಿಗೆ ಸಾಹೇಬರೇ ಡಬ್ಬಿಯ ಕೆಳಗೆ ಹೋಗಿ ಕೂತು ನೆನಪಿಸುತ್ತಿದ್ದರು. ನೋವು ಹೋಯಿತೇ ಎಂದು ನಾನು ಕೇಳುವುದನ್ನು ಬಿಟ್ಟಿದ್ದೆ. ಅಂಗಿ ಹಾಕಿಕೊಳ್ಳುವಾಗ ಹಲ್ಲು ಕಚ್ಚುವ ಸದ್ದಿಗೆ ಮಾತ್ರ ಕಿವಿಗೊಡುತ್ತಿದ್ದೆ. ಅದು ಕೆಲವು ದಿನ ಕೇಳಿಸಿತು, ಕೆಲವು ದಿನ ಕೇಳಿಸಲಿಲ್ಲ.

ಶಿಷ್ಯ ಬರಬೇಕಾದ ದಿನ ಅಪ್ಪ ಬೆಳಿಗ್ಗೆಯೇ ಸ್ನಾನ ಮುಗಿಸಿ ನಾನು ಹೊಲಿದ ಅಂಗಿ ತೊಟ್ಟ. ಹೊರಬಾಗಿಲು ತೆರೆದಿಟ್ಟು ಕುರ್ಚಿ ಹಾಕಿಕೊಂಡು ಕೂತ. ಒಂದು ಮೊಳ ದೂರದಲ್ಲಿ ಸಾಹೇಬರು ನಿಂತಿದ್ದರು. ನಾನು ಕಾಲರಿಗೆ ಹೊಲಿಗೆ ಹಾಕುವ ಸೋಗಿನಲ್ಲಿ ಅವರಿಬ್ಬರನ್ನೇ ನೋಡುತ್ತಿದ್ದೆ. ಅಪ್ಪ ತನ್ನ ಎಡತೊಡೆಯನ್ನು ಎರಡು ಸಲ ಮೆಲ್ಲಗೆ ತಟ್ಟಿದ. ಹತ್ತಿರ ಬಾ ಎನ್ನುವ ಹಳೆಯ ಸಂಜ್ಞೆ ಅದು. ಸಾಹೇಬರು ನಂಬಲಿಲ್ಲ. ನನ್ನ ಕಡೆ ತಿರುಗಿ ನೋಡಿದರು. ಅಪ್ಪ ಮತ್ತೆ ತಟ್ಟಿದ. ಅವರು ಒಂದು ಹೆಜ್ಜೆ ಬಂದು ನಿಂತರು. ಮೊಣಕೈ ನೋಡಿದರು. ಇನ್ನೊಂದು ಹೆಜ್ಜೆ ಬಂದರು. ಕೊನೆಗೆ ತಲೆಯನ್ನು ತಂದು, ಹೊಲಿಗೆಯಿಲ್ಲದ ಆ ಬಟ್ಟೆಯ ಮೇಲೆ, ಪಕ್ಕೆಗೆ ತಾಗಿಸಿ, ಕಣ್ಣು ಮುಚ್ಚಿದರು.

ಅಪ್ಪನ ದವಡೆ ಬಿಗಿಯಿತು. ಕಣ್ಣಲ್ಲಿ ನೀರು ಬಂತು. ನೋವು ಇತ್ತು, ನನಗೆ ಕಾಣುತ್ತಿತ್ತು. ಮೊಣಕೈ ಮೇಲೆದ್ದಿತು, ಗಾಳಿಯಲ್ಲೇ ನಿಂತಿತು, ಆಮೇಲೆ ಇಳಿದು ಬಂದು ಸಾಹೇಬರ ಕತ್ತನ್ನು ಬಳಸಿತು. ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಗೇಟಿನ ಸದ್ದಾಯಿತು. ಶಿಷ್ಯ ಹಗ್ಗ ಹಿಡಿದುಕೊಂಡು ಮೆಟ್ಟಿಲವರೆಗೆ ಬಂದ. ಅಪ್ಪ ತಿರುಗಿ ನೋಡದೆ ಇನ್ನೊಂದು ಕೈ ಎತ್ತಿ ತಡೆದ.

"ಸ್ವಲ್ಪ ತಾಳು ಕಣೋ," ಎಂದ. "ಸಾಹೇಬ್ರು ಒರಗ್ಕೊಂಡಿದಾರೆ."

ಶಿಷ್ಯ ಹಗ್ಗವನ್ನು ಮಡಿಸಿ ಜೇಬಿಗೆ ತುರುಕಿಕೊಂಡು ಮೆಟ್ಟಿಲ ಮೇಲೆಯೇ ಕೂತ.